ಹದಿನೈದಕ್ಕೆ ಹದಿನೈದು

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಆ ಹುಡುಗಿ ನಮ್ಮ ಬಾಗಿಲು ಬಡಿದ ಸದ್ದಿಗೆ ಪುಣೆಯ ಯೆರವಡಾದ ಅರ್ಧ ಜನ ಎದ್ದು ಕೂತರು. ಉಳಿದರ್ಧ ಜನ ಆಗಲೇ ಕೆಲಸಕ್ಕೆ ಹೋಗಿದ್ದರಿಂದ ಬಚಾವಾದರು. ಬಾಗಿಲು ತೆಗೆದವನು ನಾನು, ಶ್ಯಾಮ. ಮೂವತ್ತೊಂದು ವರ್ಷ ಔಷಧ ಕಂಪನಿಯ ಪ್ರತಿನಿಧಿಯಾಗಿ ಕೊಲ್ಹಾಪುರದಿಂದ ಕಲಬುರಗಿಯವರೆಗೆ ಚೀಲ ಹೊತ್ತು ತಿರುಗಿದವನು. ನಾನು ಒಳಗೆ ಕಾಲಿಟ್ಟರೆ ಡಾಕ್ಟರುಗಳು ರೋಗಿಯ ಹೊಟ್ಟೆ ಒತ್ತುವುದನ್ನು ಅರ್ಧಕ್ಕೇ ಬಿಟ್ಟು ಎದ್ದು ನಿಲ್ಲುತ್ತಿದ್ದರು. ಈ ಮಾತನ್ನು ನಂಬದವರು ಜಗತ್ತಿನಲ್ಲಿ ಒಬ್ಬರೇ. ಅವರು ನನ್ನ ವೈನಿ.

ವೈನಿ ಅಂದರೆ ತೀರಿಹೋದ ನನ್ನ ಅಣ್ಣನ ಹೆಂಡತಿ, ಗೋದಾ. ಧಾರವಾಡದವರು. ಪುಣೆಯ ಆಸ್ಪತ್ರೆಗಳಲ್ಲಿ ಮೂವತ್ತನಾಲ್ಕು ವರ್ಷ ದುಡಿದು, ಮೇಟ್ರನ್ ಆಗಿ ನಿವೃತ್ತರಾದವರು. ಅಲ್ಲಿಂದೀಚೆಗೆ ನಮ್ಮ ಓಣಿಯಲ್ಲಿ ಏನು ಕಳುವಾದರೂ, ಯಾರು ಕಾಣೆಯಾದರೂ, ಯಾರು ಯಾರಿಗೆ ವಿಷ ಹಾಕಿದರೂ ಮೊದಲು ತಿಳಿಯುವುದು ನಮ್ಮ ಮನೆಯಲ್ಲಿ. ಪೊಲೀಸರು ಚಹಾ ಕುಡಿಯಲು ಬಂದವರಂತೆ ಬಂದು ಕೇಳಿಕೊಂಡು ಹೋಗುತ್ತಾರೆ. ವೈನಿಯದು ಒಂದು ವಿಚಿತ್ರ ಅಭ್ಯಾಸ: ಯಾವ ಕಾಗದವನ್ನಾದರೂ ಕೆಳಗಿನ ಸಾಲಿನಿಂದ ಮೇಲಕ್ಕೆ ಓದುತ್ತಾರೆ, ಮದುವೆ ಕರೆಯೋಲೆಯನ್ನು ಕೂಡ. "ಮ್ಯಾಲಿನ ಸಾಲು ಎಲ್ಲಾರೂ ಎಚ್ಚರದಾಗ ಬರೀತಾರ ಶ್ಯಾಮ. ಕೆಳಗಿಂದು ದಣದು ಬರೀತಾರ" ಎನ್ನುತ್ತಾರೆ.

ಬಂದ ಹುಡುಗಿಗೆ ಹತ್ತೊಂಬತ್ತಿರಬಹುದು. ಹೆಸರು ಸುಮಂಗಲಾ. ಉಗುರುಗಳ ಸಂದಿಯಲ್ಲಿ ಸಿಮೆಂಟು. ಯಾದಗಿರಿ ಕಡೆಯವರು, ಅಪ್ಪ, ಅವ್ವ, ಮಗಳು ಮೂವರೂ ಕಟ್ಟಡದ ಕೆಲಸಕ್ಕೆ ಬಂದವರು.

"ನಮ್ಮಪ್ಪನ್ನ ಪೊಲೀಸ್ರು ಒಯ್ದಾರ್ರಿ ಅಮ್ಮಾ. ನಮ್ಮವ್ವನ್ನ ಕೊಂದಾನ ಅಂತಾರ್ರಿ."

"ಕೊಂದಾನೇನು?" ವೈನಿ ನೇರವಾಗಿ ಕೇಳಿದರು.

"ಆಂವನೂ ಹೌದಂತಾನ್ರಿ. ಅದಕ್ಕ ಬಂದೀನಿ."

ಆಮೇಲೆ ಅವಳು ಹೇಳಿದ ಕತೆ ಇಷ್ಟು. ಹನ್ನೊಂದು ದಿನದ ಹಿಂದೆ ಅವಳ ಅವ್ವ ಯಮನವ್ವ ಇಟ್ಟಿಗೆ ಹೊತ್ತವಳು ತಲೆ ಸಿಡೀತು ಎಂದು ಕೂಗಿ ಕುಸಿದಳು. ಮೆದುಳಿನ ನರ ಒಡೆದು ರಕ್ತ ಸುರಿದಿತ್ತು. ದೊಡ್ಡ ಆಸ್ಪತ್ರೆಯೊಂದರಲ್ಲಿ (ಹೆಸರು ಬೇಡ, ನನಗೆ ಅಲ್ಲಿಯ ಕ್ಯಾಂಟೀನಿನಲ್ಲಿ ಇನ್ನೂ ಮರ್ಯಾದೆಯಿದೆ) ಆಪರೇಷನ್ ಮಾಡಿ ಉಳಿಸಿದರು. ಅಲ್ಲಿ ಇಂಥ ರೋಗಿಗಳ ಮೇಲೆ ಹೊಸ ಔಷಧದ ಪರೀಕ್ಷೆ, ಆಸ್ಪತ್ರೆಯ ಮಾತಿನಲ್ಲಿ ಟ್ರಯಲ್, ನಡೆದಿತ್ತು. ಗಂಡ ಅವ್ವಣ್ಣ ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ. ಯಮನವ್ವ ಕಣ್ಣು ಬಿಟ್ಟಳು, ಮಾತಾಡಿದಳು. ನುಂಗುವುದು ಮಾತ್ರ ಇನ್ನೂ ಸರಿ ಬಂದಿರಲಿಲ್ಲ. ಆಹಾರವೆಲ್ಲ ಮೂಗಿನ ನಳಿಗೆಯಿಂದ, ಬಾಯಿಗೆ ಹನಿ ನೀರೂ ಕೊಡಬಾರದೆಂದು ಹಲಗೆ ತೂಗಿಸಿದ್ದರು. ಮನೆಯವರನ್ನು ಬಿಡುತ್ತಿದ್ದುದು ದಿನಕ್ಕೊಮ್ಮೆ, ಸಂಜೆ ನಾಲ್ಕಕ್ಕೆ. ಭಾನುವಾರ ನಾಲ್ಕಕ್ಕೆ ಒಳಗೆ ಹೋದ ಅವ್ವಣ್ಣ ಅವಳಿಗೆ ಚಮಚದಲ್ಲಿ ಜೋಳದ ಅಂಬಲಿ ಹಾಕಿದ. ಹತ್ತು ನಿಮಿಷಕ್ಕೆ ಸಿಸ್ಟರ್ ಬಂದು ನೋಡಿದರೆ ಯಮನವ್ವನಿಗೆ ಉಸಿರಿರಲಿಲ್ಲ.

"ಐತವಾರ ಮಧ್ಯಾಹ್ನ ಅಪ್ಪ ಓಡಿಕೋತ ಬಂದ್ರಿ. 'ಒಲಿ ಹಚ್ಚು, ನಿಮ್ಮವ್ವ ಉಣ್ಣಾಕ ಬೇಡ್ಯಾಳ' ಅಂದ. ಆಕಿ ಬಿದ್ದ ಮ್ಯಾಲ ಆಂವ ನಕ್ಕಿದ್ದು ಅವತ್ತ ಒಂದ ದಿನ. ಅಂಬಲಿ ಕಾಸಿ ಕೊಟ್ಟಾಕಿ ನಾನರಿ." ಹುಡುಗಿ ಅಳಲಿಲ್ಲ. "ಜೇಲಿಗೆ ಹೋಗಾಕ ಆಂವ ಅಂಜವಲ್ಲ. 'ನನ್ನ ಕೈಯಾಗ ಸತ್ಲು' ಅಂತ ಕೈ ಗ್ವಾಡಿಗೆ ಬಡಕೋತಾನ. ಇದು ಖರೇನ ಇದ್ರ ನಮ್ಮಪ್ಪ ಉಳಿಯಂಗಿಲ್ರಿ. ಖರೇ ಹೌದೋ ಅಲ್ಲೋ ಅಷ್ಟ ನೋಡಿ ಹೇಳ್ರಿ."

ವೈನಿ ಚಪ್ಪಲಿ ಹಾಕಿಕೊಂಡರು.

ಠಾಣೆಯ ಇನ್ಸ್‌ಪೆಕ್ಟರ್ ಅಪ್ಪಾಸಾಹೇಬರು ಬೆಳಗಾವಿ ಕಡೆಯವರು. ವೈನಿಯನ್ನು ಕಂಡರೆ ಟೊಪ್ಪಿಗೆ ಸರಿಪಡಿಸಿಕೊಳ್ಳುತ್ತಾರೆ. ನನ್ನನ್ನು ಕಂಡರೆ ಗಡಗಡ ನಡುಗುತ್ತಾರೆ, ಆದರೆ ಹೊರಗೆ ತೋರಿಸಿಕೊಳ್ಳುವುದಿಲ್ಲ.

"ಇದರಾಗ ಏನೂ ತಿರುವಿಲ್ರಿ ಗೋದಾಬಾಯಿ," ಎಂದರು. "ಆಸ್ಪತ್ರಿಯವರು ಹೊತ್ತುಹೊತ್ತಿಗೆ ಹಾಳಿ ತುಂಬ್ತಾರ. ನೋಡ್ರಿ. ಐತವಾರ ಮುಂಜಾನೆ ಎಂಟು, ಮಧ್ಯಾಹ್ನ ಹನ್ನೆರಡು, ಮೂರು. ಮೂರೂ ಸಲ ಹದಿನೈದಕ್ಕ ಹದಿನೈದು."

ಆ ಅಂಕ ನನಗೆ ಗೊತ್ತಿತ್ತು. ತಲೆಗೆ ಏಟಾದವರು ಎಷ್ಟು ಎಚ್ಚರವಾಗಿದ್ದಾರೆಂದು ಅಳೆಯುವ ಪರೀಕ್ಷೆ: ಕಣ್ಣಿಗೆ ನಾಲ್ಕು, ಮಾತಿಗೆ ಐದು, ಕೈಕಾಲಿಗೆ ಆರು. ಹದಿನೈದು ಬಂದರೆ ನನ್ನ ನಿಮ್ಮಷ್ಟು ಚುರುಕು; ನನ್ನಷ್ಟಲ್ಲ, ನಿಮ್ಮಷ್ಟು. ಹಾಳೆಯಲ್ಲಿ ಎಲ್ಲ ನೀಟಾಗಿ ತುಂಬಿತ್ತು. ಊರು ಹೇಳಿದಳು, ತಿಂಗಳು ಹೇಳಿದಳು, ಗಂಡನ ಹೆಸರು ಅವ್ವಣ್ಣ ಎಂದಳು, ಎರಡೂ ಕೈ ಎತ್ತಿದಳು, ಕಾಲು ಮಡಚಿದಳು. ಪ್ರತಿ ಸಾಲಿನ ತುದಿಗೆ ಸುರಭಿ ಎಂಬ ಸಿಬ್ಬಂದಿಯ ಗೀಚುಸಹಿ.

"ಮೂರಕ್ಕ ಚೊಲೋ ಇದ್ಲು, ನಾಲ್ಕಕ್ಕ ಇಂವ ಉಣಿಸಿದ, ಉಸಿರು ಕಟ್ತು. ಸಾಫ್ ಕೇಸ್" ಎಂದರು ಅಪ್ಪಾಸಾಹೇಬರು. "ಶವಪರೀಕ್ಷಾದಾಗೂ ಮೊದಲನೇ ಸಾಲಿಗೇ ಬಂದದ, ಬಾಯಾಗ ಅಂಬಲಿ."

ವೈನಿ ಆ ವರದಿಯನ್ನು ಇಸಿದುಕೊಂಡು ಕೊನೆಯ ಸಾಲಿನಿಂದ ಹತ್ತಿದರು. ನಾನು ಹೆಗಲ ಮೇಲಿಂದ ಇಣುಕಿದೆ. ಮೆದುಳಿನ ಎಡಭಾಗ ರಕ್ತ ಸಾಲದೆ ಊದಿ ಮೆತ್ತಗಾಗಿದೆ. ಶ್ವಾಸನಾಳ ಸ್ವಚ್ಛ. ಬಾಯಿಯಲ್ಲಿ ಅಂಬಲಿ.

"ಮೆದುಳಿಂದು ಆಕಿ ಮೊದಲಿನ ಜಡ್ಡು ಬಿಡ್ರಿ" ಎಂದರು ಇನ್ಸ್‌ಪೆಕ್ಟರು. ವೈನಿ ಕೊನೆಯ ಸಾಲನ್ನು ಇನ್ನೊಮ್ಮೆ ಓದಿ ವರದಿ ಮಡಚಿದರು.

ಅವ್ವಣ್ಣ ಒಳಕೋಣೆಯ ನೆಲದ ಮೇಲೆ ಕೂತಿದ್ದ. ಬಲಗೈಗೆ ಯಾರೋ ಬಟ್ಟೆ ಸುತ್ತಿದ್ದರು, ಬಟ್ಟೆಯಲ್ಲಿ ರಕ್ತ ಒಣಗಿತ್ತು. ನಾನು ಎಂಥೆಂಥವರನ್ನೋ ನಗಿಸಿದವನು, ಅಲ್ಲಿ ಚಪ್ಪಲಿ ಬಿಟ್ಟು ಮೂಲೆಗೆ ಸರಿದೆ.

"ಆಕಿನ್ನ ಕಡೀಕ ಯಾವಾಗ ಮಾತಾಡಿಸಿದ್ಯಪಾ?" ವೈನಿ ಅವನ ಎದುರು ನೆಲದ ಮೇಲೆಯೇ ಕೂತರು.

"ಶನಿವಾರ ನಾಕಕ್ಕರಿ. ಮಗಳನ್ನ ಒಬ್ಬಾಕಿನ್ನ ಬಿಡಬ್ಯಾಡ ಅಂದ್ಲು."

"ಐತವಾರ?"

"ಮಲಗಿದಂಗ ಇತ್ರಿ. ತುಟಿ ಸರಿಸಿ ಒಂದು ಚಮಚ ಹಾಕಿದೆ. ನುಂಗವಲ್ಲಳು. ಗುಟುಕು ಇಳೀಲಿ ಅಂತ ಇನ್ನೊಂದು ಹಾಕಿದೆ. ನಾನ ಕೊಂದೆರಿ ಅಮ್ಮಾ."

"ಆಕಿ ಹಸದಾಳ ಅಂತ ಯಾರು ಹೇಳಿದ್ರು ನಿನಗ?"

ಅವನು ನೆಲ ನೋಡಿದ. "ಯಾರೂ ಇಲ್ರಿ. ನನಗ ಹಂಗ ಅನಿಸ್ತು."

"ಮರಾಠಿ ಬರ್ತದೇನು?"

"ಒಂದಕ್ಷರ ಬರಂಗಿಲ್ರಿ ಇಂವಗ," ಬಾಗಿಲಲ್ಲಿ ನಿಂತ ಅಪ್ಪಾಸಾಹೇಬರೇ ಉತ್ತರಿಸಿದರು. "ಹಿಂದೀನೂ ಇಲ್ಲ. ಅದಕ್ಕ ಹಲಗಿ ಓದಾಕ ಆಗಿಲ್ಲ."

ಆಸ್ಪತ್ರೆಯಲ್ಲಿ ಮೊದಲು ಸಿಕ್ಕವರು ಔಷಧ ಪರೀಕ್ಷೆಯ ಮುಖ್ಯಸ್ಥ ಡಾಕ್ಟರ್ ವಿಕಾಸ. ನರೆತ ಕೂದಲಿನ, ಅಪ್ಪಟ ಪುಣೇರಿ ಮನುಷ್ಯ. ಮೊದಲೊಮ್ಮೆ ವೈನಿಯ ಕೈಕೆಳಗೆ ಕಲಿತವರಂತೆ, ಎದ್ದು ಕುರ್ಚಿ ಕೊಟ್ಟರು. ಔಷಧದ ವಿಷಯ ಮರಾಠಿಯಲ್ಲಿ ವಿವರಿಸಿದರು. ಮೆದುಳಿನಲ್ಲಿ ನರ ಒಡೆದವರು ಮೊದಲ ಏಟಿಗೆ ಉಳಿದರೂ ಎರಡು ವಾರ ಗಂಡಾಂತರವಿರುತ್ತದೆ. ನಾಲ್ಕನೆಯ ದಿನದಿಂದ ರಕ್ತನಾಳಗಳು ಸೆಟೆದುಕೊಂಡು ಮೆದುಳಿಗೆ ರಕ್ತ ಸಾಲದೆ ಹೋಗುತ್ತದೆ. ಅದನ್ನು ತಡೆಯುವ ಔಷಧ ಇದು. ಅರ್ಧ ಜನರಿಗೆ ಔಷಧ, ಅರ್ಧ ಜನರಿಗೆ ಅದೇ ಥರದ ಸೀಸೆಯಲ್ಲಿ ಬರೀ ಉಪ್ಪುನೀರು. ಯಾರಿಗೆ ಯಾವುದೆಂದು ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಮೊಹರು ಹಾಕಿದ ಲಕೋಟೆಯಲ್ಲಿರುತ್ತದೆ.

"ಈಗಾಗಲೇ ಇಬ್ಬರು ತೀರಿದ್ದಾರೆ," ಎಂದರು ವಿಕಾಸ. "ಮೂರನೆಯ ಸಾವು ಔಷಧದ ತಲೆಗೆ ಬಂದಿದ್ದರೆ ಸುರಕ್ಷಾ ಸಮಿತಿ ಅದೇ ದಿನ ಎಲ್ಲವನ್ನೂ ನಿಲ್ಲಿಸುತ್ತಿತ್ತು. ಆದರೆ ಇದು ಮನೆಯವರು ಉಣಿಸಿದ್ದರಿಂದ ಆದದ್ದು. ಶನಿವಾರ, ಭಾನುವಾರ ನಾನು ಮುಂಬಯಿಯ ಸಭೆಯಲ್ಲಿದ್ದೆ. ಇದ್ದಿದ್ದರೆ..."

ಸಿಸ್ಟರ್ ಪೂರ್ವಾಳ ಕಣ್ಣುಗಳು ಅತ್ತು ಕೆಂಪಾಗಿದ್ದವು. ಶವ ಕಂಡವಳು ಅವಳೇ. ಅವಳಿಗೂ ಕನ್ನಡ ಬಾರದು.

"ಇಪ್ಪತ್ಮೂರು ಹಾಸಿಗೆಗೆ ನಾನೊಬ್ಬಳು ಸಿಸ್ಟರ್. ಶುಕ್ರವಾರ ಆಕೆಯನ್ನು ಐಸಿಯುದಿಂದ ಟ್ರಯಲ್ ಕೋಣೆಗೆ ತಂದೆವು. ಅಲ್ಲಿ ತಪಾಸಣೆ ಟ್ರಯಲ್‌ನವರದು, ನಾವು ಸಲೈನ್ ಬದಲಿಸಿ ನಳಿಗೆಗೆ ಗಂಜಿ ಬಿಟ್ಟು ಬರುತ್ತೇವೆ. ಭಾನುವಾರ ಹನ್ನೆರಡರ ಮೇಲೆ ಹೋದಾಗ ಕಣ್ಣು ಮುಚ್ಚಿ ಮಲಗಿದ್ದಳು. ಹಾಳೆ ನೋಡಿದೆ, ಹದಿನೈದು. ಹದಿನೈದು ಇರುವವಳ ನಿದ್ದೆ ಯಾಕೆ ಕೆಡಿಸಲಿ ಅಂದುಕೊಂಡೆ."

"ಸುರಭಿಯನ್ನು ಕಣ್ಣಾರೆ ಕಂಡೆಯಾ?"

"ಇಲ್ಲ. ಹಾಳೆ ತೂಗಿತ್ತಲ್ಲ, ಬಂದಿರಬೇಕು." ಪೂರ್ವಾ ಮೂಗು ಒರೆಸಿಕೊಂಡಳು. "ಎಷ್ಟು ಒಳ್ಳೆಯ ಹೆಂಗಸು ಗೊತ್ತಾ! ಗುರುವಾರ ಐಸಿಯುದಲ್ಲಿ ವಿಕಾಸ ಸರ್ ರೌಂಡಿಗೆ ಬಂದು ಗಂಡನ ಹೆಸರೇನು ಎಂದು ಸುರಭಿಯಿಂದ ಕೇಳಿಸಿದರೆ ಹೊದಿಕೆ ಎಳೆದು ಬಾಯಿ ಮುಚ್ಚಿಕೊಂಡಳು. ನಾವು ಉಖಾಣೆಯ ಪ್ರಾಸದಲ್ಲಿ ಹೆಸರು ಕಟ್ಟಿ ಹೇಳುತ್ತೇವೆ, ನೀನೂ ಒಂದು ಹೇಳೇ ಎಂದು ನಾನು ಎಷ್ಟು ಕಾಡಿದೆ! ಸರ್, ಸುರಭಿ, ನಾನು, ಎಲ್ಲರೂ ನಕ್ಕೆವು. ಮೂರು ದಿನಕ್ಕೆ ಹೀಗಾಯಿತು."

ನಾನು ಆಗ ಕ್ಯಾಂಟೀನಿನ ಕಡೆಯಿಂದ ಬರುತ್ತಿದ್ದ ವಡೆಯ ವಾಸನೆಯನ್ನು ವಿಶ್ಲೇಷಿಸುತ್ತಿದ್ದೆ. ಅದೂ ಒಂದು ಸಾಕ್ಷ್ಯವೇ.

ಸುರಭಿ ಟ್ರಯಲ್‌ನ ಸಂಯೋಜಕಿ. ಧಾರವಾಡದ ಮನೆತನ, ಈಗ ಹಿಂಜವಾಡಿಯಲ್ಲಿ ವಾಸ. ಅಂಬಲಿ ಹಾಕುವುದನ್ನು ತಡೆಯಲಿಲ್ಲವೆಂದು ಅವಳ ಕೆಲಸ ಆಗಲೇ ಹೋಗಿತ್ತು. ಮೇಜಿನ ಖಾನೆ ಖಾಲಿ ಮಾಡುತ್ತಿದ್ದಳು.

"ಐತವಾರ ನನ್ನ ಡ್ಯೂಟಿ ಇತ್ತರಿ. ಜ್ವರ ಬಂದು ಏಳಲಿಕ್ಕೇ ಆಗಲಿಲ್ಲ. ಈ ತಿಂಗಳು ಎರಡು ರಜಾ ಆಗಿದ್ವು, ಹೆದರಿ ಯಾರಿಗೂ ಹೇಳಲಿಲ್ಲ. ಅದು ನನ್ನ ತಪ್ಪು. ಆದ್ರ ಆ ಹಾಳಿ ನಾ ತುಂಬಿಲ್ಲ."

ನಾನು ಅರ್ಧ ನಿಮಿಷದಲ್ಲಿ ಕೇಸು ಬಿಡಿಸಿಬಿಟ್ಟೆ. "ಸಹಿ ನಿನ್ನದು. ಮನೆಯಲ್ಲಿ ಒಬ್ಬಳೇ ಇದ್ದೆ, ಸಾಕ್ಷಿಯಿಲ್ಲ. ಒಪ್ಪಿಕೋ ಹುಡುಗಿ!" ಎಂದು ಮೇಜು ಗುದ್ದಿದೆ. ಕಟ್ಟಡವೇ ಅಲುಗಿತು.

"ಶ್ಯಾಮ, ಸುಮ್ಮನ ಕೂಡ್ರು. ಕೈ ನೋಯ್ತದ," ಎಂದರು ವೈನಿ. ಅವರು ಸುರಭಿ ತುಂಬಿದ್ದ ಯಮನವ್ವನ ಹಳೆಯ ಹಾಳೆಗಳನ್ನು ತಿರುವುತ್ತಿದ್ದರು. ಅವುಗಳಲ್ಲಿ ಚಿತ್ತುಕಾಟು ಬಹಳ. ಅಚ್ಚಾಗಿದ್ದ ಪ್ರಶ್ನೆಯೊಂದನ್ನು ಪ್ರತಿ ಹಾಳೆಯಲ್ಲೂ ಹೊಡೆದುಹಾಕಿ 'ಮಗಳ ಹೆಸರು' ಎಂದು ಕೈಯಲ್ಲಿ ಬರೆದಿತ್ತು. ಭಾನುವಾರದ ಹಾಳೆ ಮಾತ್ರ ತೊಳೆದಿಟ್ಟಂತೆ ಸ್ವಚ್ಛವಾಗಿತ್ತು. ಕದ್ದು ತುಂಬುವವರು ನೀಟಾಗಿ ತುಂಬುತ್ತಾರೆ ಎಂಬ ನನ್ನ ಸಿದ್ಧಾಂತ ಇನ್ನಷ್ಟು ಗಟ್ಟಿಯಾಯಿತು.

ಕೊನೆಗೆ ಕಿರಿಯ ಡಾಕ್ಟರ್ ಸಾತ್ವಿಕ. ಬೆಂಗಳೂರಿನವನು. ಇಡೀ ಆಸ್ಪತ್ರೆಯಲ್ಲಿ ನನ್ನ ಯೋಗ್ಯತೆ ತಿಳಿದವನು ಅವನೊಬ್ಬನೇ. ನನ್ನ ಕಂಪನಿಯ ಕೆಮ್ಮಿನ ಔಷಧದ ಹೆಸರು ಹೇಳಿ ಕೈ ಕುಲುಕಿದ, ಕಾಫಿ ತರಿಸಿದ.

"ಪಾಪ ಮೇಡಂ ಆ ಮನುಷ್ಯ. ಗೊತ್ತಿಲ್ದೆ ಮಾಡಿದ್ದು. ಕೇಸ್ ಬೇಡ ಅಂತ ನಾನೇ ಇನ್ಸ್‌ಪೆಕ್ಟರ್‌ಗೆ ರಿಕ್ವೆಸ್ಟ್ ಮಾಡಿದೀನಿ."

"ನೀವು ಆಕಿನ್ನ ನೋಡಿದ್ರೇನು?"

"ಇಲ್ಲ ಮೇಡಂ, ಬದುಕಿದ್ದಾಗ ನೋಡೇ ಇಲ್ಲ. ಎರಡು ವಾರ ಇಂದಾಪುರದ ಕಡೆ ಹಳೇ ಪೇಷಂಟ್ಸ್ ಮನೆಗಳಿಗೆ ಹೋಗಿದ್ದೆ, ಅವರೆಲ್ಲ ಹೇಗಿದ್ದಾರೆ ಅಂತ ನೋಡೋಕೆ. ಶನಿವಾರ ಮಧ್ಯಾಹ್ನ ಬಂದೆ. ಭಾನುವಾರ ಕೆಳಗಿನ ಆಫೀಸ್‌ನಲ್ಲಿ ರಿಪೋರ್ಟ್ ಬರೀತಿದ್ದೆ. ಪೂರ್ವಾ ಫೋನ್ ಮಾಡಿದ ಮೇಲೇ ಮೇಲೆ ಹೋಗಿದ್ದು." ಗೋಡೆಯ ಮೇಲಿದ್ದ ಔಷಧದ ಚಿತ್ರಪಟ ತೋರಿಸಿದ. "ಈ ಔಷಧದ ಮೇಲೆ ನಂದು ಐದು ವರ್ಷ ಆಯ್ತು. ಇದು ಬಂದ್ರೆ ಸಾವಿರಾರು ಜನ ಉಳೀತಾರೆ."

ಹೊರಗೆ ಬಂದ ಮೇಲೆ ವೈನಿ ಕೇಳಿದರು. "ಯಾರ ಮ್ಯಾಲ ಸಂಶಯ ಶ್ಯಾಮ?"

"ಸುರಭಿ. ಇಲ್ಲವಾದರೆ ಪೂರ್ವಾ. ಇಲ್ಲವಾದರೆ ವಿಕಾಸ."

"ಬಿಡದಂಗ ಎಲ್ಲಾರನ್ನೂ ಹೇಳಿದ್ರ ಒಂದರೆ ಹತ್ತೇ ಹತ್ತತದ," ಎಂದರು. ಆದರೆ ನಗಲಿಲ್ಲ.

ಬುಧವಾರ ಹನ್ನೊಂದಕ್ಕೆ ಆಸ್ಪತ್ರೆಯ ಸಭಾಕೋಣೆಯಲ್ಲಿ ಎಲ್ಲರೂ ಸೇರಿದರು. ಡಾಕ್ಟರಿಬ್ಬರು, ಪೂರ್ವಾ, ಸುರಭಿ ಉದ್ದ ಮೇಜಿನ ಒಂದು ಬದಿಗೆ. ಎದುರಿಗೆ ಅಪ್ಪಾಸಾಹೇಬರು, ಅವ್ವಣ್ಣ, ಸುಮಂಗಲಾ. ಅವ್ವಣ್ಣ ಕುರ್ಚಿಯ ತುದಿಯಲ್ಲಿ ಕೂತಿದ್ದ, ಅದು ಯಾರದೋ ವಸ್ತು ಎಂಬಂತೆ. ಬಾಗಿಲಿಗೆ ನಾನು. ನನ್ನನ್ನು ದಾಟಿ ಹೋಗುವ ಧೈರ್ಯ ಆನೆಗೂ ಬರುತ್ತಿರಲಿಲ್ಲ.

ವೈನಿ ತಮ್ಮ ಮಾತನ್ನೂ ಉಳಿದವರ ಮಾತನ್ನೂ ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ ಹೇಳುತ್ತ ಹೋದರು.

"ಮೊದಲ ಅಂಬಲೀದು ಹೇಳ್ತೀನಿ. ಜೀವ ಇದ್ದವರ ಗಂಟಲಾಗ ತುತ್ತು ಸಿಕ್ರ ಅವರು ಉಸಿರು ಎಳೀತಾರ, ಒದ್ದಾಡ್ತಾರ. ಎಳದ ಉಸಿರಿನ ಕೂಡ ಅಂಬಲಿ ಶ್ವಾಸನಾಳಕ್ಕ ಇಳೀತದ. ಇಲ್ಲಿ ಶ್ವಾಸನಾಳ ಸ್ವಚ್ಛ ಅದ. ಹಾಕಿದ್ದು ಹಾಕಿದ ಜಾಗಾದಾಗ ಉಳದದ. ಅಂದ್ರ ಅವ್ವಣ್ಣ ಚಮಚ ಹಿಡಿಯೂ ಮೊದಲ ಆಕಿ ಉಸಿರು ನಿಂತಿತ್ತು."

ಅವ್ವಣ್ಣ ತಲೆ ಎತ್ತಿದ. ಸುಮಂಗಲಾ ಅವನ ಮೊಣಕೈ ಹಿಡಿದಳು.

"ಮತ್ತ ಯಾಕ ನಿಂತಿತು? ಅದ ವರದಿಯ ಕಡೀ ಸಾಲಿನಾಗ ಅದ. ಮೆದುಳಿನ ಎಡಭಾಗ ಮೆತ್ತಗಾಗಿತ್ತು. ಹಂಗ ಆಗಲಿಕ್ಕೆ ತಾಸು ಸಾಲಂಗಿಲ್ಲ, ಹೆಚ್ಚು ಕಡಿಮಿ ಒಂದು ದಿನ ಬೇಕು. ಹೌದಲ್ಲ ಡಾಕ್ಟರ?"

"ಹೌದು," ವಿಕಾಸರ ಮುಖ ಕಪ್ಪಿಟ್ಟಿತ್ತು. "ಔಷಧ ತಡೆಯಬೇಕಾದದ್ದು ಅದನ್ನೇ. ಶನಿವಾರ ಸಂಜೆಗೇ ಶುರುವಾಗಿರಬೇಕು. ಬಲಗೈ ಬೀಳುತ್ತದೆ, ಮಾತು ಹೋಗುತ್ತದೆ. ಆಗಲೇ ಗೊತ್ತಾದರೆ ರಕ್ತದೊತ್ತಡ ಏರಿಸಿ, ನಾಳ ಬಿಡಿಸಿ, ಎಷ್ಟೋ ಜನರನ್ನು ಉಳಿಸಿದ್ದೇವೆ."

"ಹಂಗಾದ್ರ ಐತವಾರ ಮೂರಕ್ಕ ಎರಡೂ ಕೈ ಎತ್ತಿ, ಪಟಪಟ ಮಾತಾಡಿ ಹದಿನೈದು ಅಂಕ ತಗೊಂಡಾಕಿ ಯಾರು?" ವೈನಿ ಹಾಳೆಯನ್ನು ಮೇಜಿನ ಮಧ್ಯಕ್ಕೆ ತಳ್ಳಿದರು. "ಈ ಹಾಳಿ ಸುಳ್ಳು. ಇದನ್ನ ಬರದವರು ಹಾಸಿಗಿ ಹಂತೇಕ ನಿಂತು ಆಕಿನ್ನ ಒಂದು ಪ್ರಶ್ನೆನೂ ಕೇಳಿಲ್ಲ. ಯಾಕಂದ್ರ ಇದರಾಗ ಯಮನವ್ವ ಗಂಡನ ಹೆಸರು ಹೇಳ್ಯಾಳ. ಮೂರು ಸಲ."

ಸುಮಂಗಲಾ ತಟ್ಟನೆ ಅಂದಳು, "ನಮ್ಮವ್ವ? ಎಂದೂ ಹೇಳಂಗಿಲ್ರಿ! ರೇಶನ್ ಆಫೀಸಿನಾಗ ಕೇಳಿದ್ರ ನನ್ನ ಮುಂದ ದೂಡ್ತಿದ್ಲು."

"ನಮ್ಮ ಕಡೆ ಹಳೇ ಹೆಣಮಕ್ಕಳು ಗಂಡನ ಹೆಸರು ತುಟೀಗೆ ತರೂದಿಲ್ಲ. ಆಯುಷ್ಯ ಕಮ್ಮಿ ಆಗ್ತದ ಅಂತ ನಂಬಿಕಿ. ಮದುವಿ ಮುಂಜಿವ್ಯಾಗ ಒಡಪಿನ ಪ್ರಾಸದಾಗ ಕಟ್ಟಿ ಹೇಳ್ತಾರ, ಅದೂ ಹತ್ತು ಮಂದಿ ಕಾಡಿದ ಮ್ಯಾಲ. ಗುರುವಾರ ಆಕಿ ಹೊದಿಕಿ ಎಳಕೊಂಡಿದ್ದು ವಿಕಾಸ ಕಂಡಾರ, ಪೂರ್ವಾ ಕಂಡಾಳ. ಸುರಭಿ ಅಂತೂ ಮೊದಲನೇ ದಿನಾನ ತಿಳಕೊಂಡು ಆ ಪ್ರಶ್ನೆ ಹೊಡದು 'ಮಗಳ ಹೆಸರು' ಅಂತ ಬರಕೊಂಡಾಳ. ಈ ಮೂವರೊಳಗ ಯಾರು ಸುಳ್ಳು ಹಾಳಿ ತುಂಬಿದ್ರೂ ಆ ಹೆಸರು ಬರೀತಿರಲಿಲ್ಲ. ಬರದವರಿಗೆ ಆಕಿ ಗೊತ್ತಿರಲಿಲ್ಲ, ಒಪ್ಪಿಗಿ ಕಾಗದದ ಮ್ಯಾಲಿಂದ ಹೆಸರು ಎತ್ಕೊಂಡಾರ."

ಸಾತ್ವಿಕ ನಕ್ಕ. "ಮೇಡಂ, ಈ ಕಾಲದಲ್ಲಿ ಯಾರು ಗಂಡನ ಹೆಸರು ಹೇಳಲ್ಲ? ನಮ್ಮಮ್ಮ ನಮ್ಮಪ್ಪನ್ನ ಹೆಸರು ಹಿಡಿದೇ ಕರೀತಾರೆ."

"ಅದಕ್ಕ ನಿಮಗ ಹೊಳೀಲಿಲ್ಲ."

ಸಾತ್ವಿಕ ಮುಂದಕ್ಕೆ ಬಾಗಿದ. "ಇನ್ನೊಂದು ವಿಷಯ. ಮೆದುಳಿಗೆ ಪೆಟ್ಟಾದವರು ಸಂಕೋಚ ಬಿಟ್ಟುಬಿಡ್ತಾರೆ. ಯಾವತ್ತೂ ಹೇಳದೇ ಇರೋದನ್ನೂ ಹೇಳ್ತಾರೆ. ಅದು ಟೆಕ್ಸ್ಟ್‌ಬುಕ್‌ನಲ್ಲೇ ಇದೆ."

"ಒಪ್ಪಿದೆ. ಹಂಗ ದಿಕ್ಕೆಟ್ಟು ಮಾತಾಡೋರಿಗೆ ಮಾತಿನ ಅಂಕ ಕಡಿತಾರ. ಹದಿನೈದು ಕೊಡಂಗಿಲ್ಲ. ಎರಡರಾಗ ಒಂದು ಆರಿಸಿಕೋರಿ ಡಾಕ್ಟರ."

ಅವನು ಕುರ್ಚಿಗೆ ಹಿಂದಕ್ಕೆ ಒರಗಿದ.

"ಇನ್ನ ಅಂಬಲಿ. ದಿನಾ ನಾಲ್ಕಕ್ಕ ಮಾತ್ರ ಒಳಗ ಬಿಡ್ತಾರ. ಐತವಾರ ಮಧ್ಯಾಹ್ನ ಅವ್ವಣ್ಣ ಇನ್ನೂ ಹೆಂಡತಿ ಮುಖ ನೋಡಿಲ್ಲ. ಆದ್ರ ಮಗಳ ಹತ್ರ ಓಡಿ ಹೋಗಿ ಏನಂದ? 'ಉಣ್ಣಾಕ ಬೇಡ್ಯಾಳ.' ಅನಿಸ್ತದ ಅನ್ನಲಿಲ್ಲ, ಬೇಡ್ಯಾಳ ಅಂದ. ಒಳಗಿನಿಂದ ಯಾರೋ ಬಂದು ಹೇಳ್ಯಾರ, ಕನ್ನಡದಾಗ ಹೇಳ್ಯಾರ. ವಿಕಾಸ, ಪೂರ್ವಾ ಇಬ್ಬರಿಗೂ ಕನ್ನಡ ಬರಂಗಿಲ್ಲ. ಉಳದವರು ಇಬ್ಬರು. ಅವರೊಳಗ ಸುರಭಿಗೆ ಆ ಹೆಸರಿನ ಸಂಗತಿ ಗೊತ್ತು."

ವೈನಿ ಅವ್ವಣ್ಣನ ಕಡೆ ತಿರುಗಿದರು. ಧ್ವನಿ ಇಳಿಯಿತು. "ಯಾರನ್ನ ಮುಚ್ಚಿಡಲಿಕ್ಕೆ ಹತ್ತೀಯೋ ಅವರು ನಿನಗ ದಯಾ ತೋರಿಸಿಲ್ಲಪಾ. ಹಸದಾಳ ಅಂತ ಹೇಳೂಮುಂದ ಆಕಿ ಕಣ್ಣ ತೆಗೀಲಾರಳು ಅಂತ ಅವರಿಗೆ ಗೊತ್ತಿತ್ತು. ಉಸಿರು ಇದ್ರ ನಿನ್ನ ಅಂಬಲಿ ನಿಲ್ಲಸ್ತದ. ಇಲ್ದಿದ್ರ ಸಾವಿನ ಅಪವಾದರೆ ಅಂಬಲಿಗೆ ಬರ್ತದ, ಔಷಧಕ್ಕ ಬರಂಗಿಲ್ಲ. ಅದಕ್ಕ ನಿನ್ನ ಕೈ ಬೇಕಾಗಿತ್ತು."

ಅವ್ವಣ್ಣ ಬಹಳ ಹೊತ್ತು ಸಾತ್ವಿಕನನ್ನೇ ನೋಡಿದ. ಸಿಟ್ಟಿನಿಂದಲ್ಲ. ಗುರುತು ಸಿಗದವರನ್ನು ನೋಡುವಂತೆ.

"ಮೆಟ್ಟಲ ಹತ್ರ ಕುಂತಿದ್ದೆ, ನೀವ ಬಂದು ಹೆಗಲ ಮ್ಯಾಲ ಕೈ ಇಟ್ರಿ ಸಾಹೇಬ್ರ. 'ನಿಮ್ಮ ಮನೆಯವರು ಊಟ ಕೇಳ್ತಿದಾರೆ, ಏನಾದ್ರೂ ತಿನ್ನಿಸಿ' ಅಂದ್ರಿ. ಇಲ್ಲಿ ಬಂದ ಮ್ಯಾಲ ಡಾಕ್ಟರೊಳಗ ನನ್ನ ಕೂಡ ನಮ್ಮ ಮಾತಾಡಿದವರು ನೀವೊಬ್ರ. ನಿಮ್ಮ ನೌಕರಿ ಹೋಗಬಾರದಂತ ನಾ ಪೊಲೀಸರ ಮುಂದ ಹೇಳಲಿಲ್ರಿ."

ಸಾತ್ವಿಕ ಎದ್ದ. ಬಾಗಿಲಲ್ಲಿ ನನ್ನನ್ನು ಕಂಡ, ಕೂತ. ಅಪ್ಪಾಸಾಹೇಬರೂ ನನ್ನ ಹಿಂದೆ ಬಂದು ನಿಂತಿದ್ದರೆಂಬುದು ದೊಡ್ಡ ವಿಷಯವಲ್ಲ.

"ಶನಿವಾರ ಏಳು ಗಂಟೆಗೆ ಸುಮ್ನೆ ನೋಡೋಣ ಅಂತ ಹೋದೆ," ಎಂದ ಮೇಜಿಗೆ ಹೇಳುವಂತೆ. "ಬಲಗೈ ಬಿದ್ದಿತ್ತು. ಏನೋ ಹೇಳೋಕೆ ನೋಡಿದ್ರು, ಆಗ್ಲಿಲ್ಲ. ಬೆಳಿಗ್ಗೆವರೆಗೆ ಸರಿ ಹೋಗ್ಬಹುದು ಅನ್ಕೊಂಡೆ. ಬೆಳಿಗ್ಗೆ ತುಂಬಾ ಲೇಟ್ ಆಗಿತ್ತು. ಸುರಭಿ ಬಂದಿರ್ಲಿಲ್ಲ. ಹಾಳೆ ಖಾಲಿ ಇತ್ತು. ನಾನೇ ತುಂಬಿ ಅವಳ ಸಹಿ ಗೀಚಿದೆ."

"ಫೋನ್ ಮಾಡಬೇಕಿತ್ತು," ವಿಕಾಸ ಅವನತ್ತ ತಿರುಗಿದರು. "ಒಂದೇ ಒಂದು ಫೋನ್!"

"ಮಾಡಿದ್ರೆ ಮೂರನೇದು ಅಂತ ರಿಪೋರ್ಟ್ ಮಾಡ್ಬೇಕಿತ್ತು ಸರ್. ಟ್ರಯಲ್ ನಿಂತು ಹೋಗ್ತಿತ್ತು. ಒಬ್ಬರಿಗೋಸ್ಕರ ಸಾವಿರ ಜನರ ಔಷಧ..."

ವಿಕಾಸ ಎದ್ದು ಹೊರಗೆ ಹೋದರು. ನಾನು ದಾರಿ ಬಿಟ್ಟೆ. ಹಿಂದಿರುಗಿದಾಗ ಕೈಯಲ್ಲಿ ಯಮನವ್ವನ ಲಕೋಟೆ ಇತ್ತು. ಸಾವಿನ ತನಿಖೆಗೆ ಅದನ್ನು ಒಡೆಯುವ ಹಕ್ಕು ಅವರಿಗಿತ್ತು. ಎಲ್ಲರ ಎದುರು ಮೊಹರು ಒಡೆದು, ಒಳಗಿನ ಚೀಟಿ ಓದಿ, ಸಾತ್ವಿಕನ ಮುಂದೆ ಇಟ್ಟರು.

"ಉಪ್ಪುನೀರು," ಎಂದರು. "ಆಕೆಗೆ ಔಷಧದ ಒಂದು ಹನಿಯೂ ಹೋಗಿರಲಿಲ್ಲ. ನೀನು ವರದಿ ಮಾಡಿದ್ದರೆ ಸಮಿತಿ ಇದೇ ಲಕೋಟೆ ಒಡೆಯುತ್ತಿತ್ತು. ಟ್ರಯಲ್ ನಿಲ್ಲುತ್ತಿರಲಿಲ್ಲ. ಆಕೆಯೂ ಉಳಿಯುತ್ತಿದ್ದಳೇನೋ."

ಸಾತ್ವಿಕ ಚೀಟಿಯನ್ನು ಎರಡು ಸಲ ಓದಿದ. ಮೂರನೆಯ ಸಲ ಓದಲು ಹೋದಾಗ ಅಪ್ಪಾಸಾಹೇಬರು ಅವನ ತೋಳು ಹಿಡಿದು ಎಬ್ಬಿಸಿದರು. ನಾನು ನೂರಾರು ಸೋತ ಮುಖ ನೋಡಿದ್ದೇನೆ. ಇದಕ್ಕೆ ಹೋಲಿಸಲು ಯಾವುದೂ ನೆನಪಿಗೆ ಬರುತ್ತಿಲ್ಲ.

ಮಧ್ಯಾಹ್ನ ಶವಾಗಾರದ ಅಂಗಳದಲ್ಲಿ ಗಾಡಿ ಬಂದು ನಿಂತಿತು. ಊರಿಗೆ ಒಯ್ದು ಮಣ್ಣು ಮಾಡುವುದೆಂದು ತೀರ್ಮಾನವಾಗಿತ್ತು. ಯಾದಗಿರಿ ಮುಟ್ಟಲು ಎಂಟೊಂಬತ್ತು ತಾಸು. ವಿಕಾಸ ತಾವೇ ಬಂದು ಸ್ಟ್ರೆಚರಿನ ಒಂದು ತುದಿ ಹಿಡಿದರು. ಪೂರ್ವಾ, ಸುರಭಿ ಇಬ್ಬರೂ ಗೋಡೆಗೊರಗಿ ನಿಂತಿದ್ದರು.

ಸುಮಂಗಲಾ ವೈನಿಯ ಕಾಲು ಮುಟ್ಟಲು ಬಾಗಿದಳು. ವೈನಿ ಅರ್ಧಕ್ಕೇ ಹಿಡಿದು ಎತ್ತಿದರು. "ನಿಮ್ಮಪ್ಪಂದು ಏನೂ ತಪ್ಪಿಲ್ಲ. ನಿಂದೂ ಇಲ್ಲ. ನೀ ಕಾಸಿ ಕೊಟ್ಟಿದ್ದು ಆಕಿ ಗಂಟಲ ಇಳದೇ ಇಲ್ಲ. ತಿಳೀತೇನು?"

ಹುಡುಗಿ ತಲೆಯಾಡಿಸಿದಳು. ಮೂರು ದಿನದಿಂದ ತಡೆದಿದ್ದ ಅಳು ಆಗ ಬಂತು. ಸುರಭಿ ಓಡಿ ಬಂದು ಹಿಡಿದುಕೊಂಡಳು.

ಅವ್ವಣ್ಣ ಗಾಡಿಯ ಹಿಂಬಾಗಿಲ ಹತ್ತಿರ ನಿಂತಿದ್ದ. "ಅಮ್ಮಾ, ಒಂದು ಕೇಳಲೇನ್ರಿ? ಆಕಿಗೆ ಹಸಿವಿ ಆಗಿತ್ತೇನ್ರಿ?"

"ಇಲ್ಲಪಾ. ಐತವಾರ ಆಕಿಗೆ ಹಸಿವಿ, ನೋವು ಏನೂ ಇರಲಿಲ್ಲ. ಯಾವ ಎಚ್ಚರನೂ ಇರಲಿಲ್ಲ."

"ನನ್ನ ಕೈ ಅಲ್ಲ."

"ಅಲ್ಲ."

ಅವನು ಬಲಗೈಯ ಬಟ್ಟೆ ಬಿಚ್ಚಿದ. ಬೆರಳು ಒಂದೊಂದಾಗಿ ಮಡಚಿ ನೋಡಿದ, ಕೆಲಸ ಮಾಡುತ್ತವೋ ಇಲ್ಲವೋ ಎಂಬಂತೆ. ಆಮೇಲೆ ಹೇಳಿದ:

"ಹಂಗಾರ ನಾ ಬಂದಿದ್ದೂ ಆಕಿಗೆ ಗೊತ್ತಾಗಿಲ್ರಿ. ನಾ ಉಣಿಸಿದ್ದೂ ಗೊತ್ತಾಗಿಲ್ಲ."

ಮೂವತ್ತನಾಲ್ಕು ವರ್ಷ ವಾರ್ಡಿನಲ್ಲಿ ನಿಂತು ಎಂಥ ಪ್ರಶ್ನೆಗೂ ಉತ್ತರ ಹೇಳಿದ ನಮ್ಮ ವೈನಿ ಅವನ ಕೈಯಿಂದ ಆ ಬಟ್ಟೆ ಇಸಿದುಕೊಂಡು ಮಡಚತೊಡಗಿದರು. ಅವ್ವಣ್ಣ ಉತ್ತರಕ್ಕೆ ಕಾಯಲಿಲ್ಲ. ಮುಂದಿನ ಸೀಟಿಗೆ ಬಾ ಎಂದು ಡ್ರೈವರ್ ಕರೆದ. ಅವನು ಬೇಡವೆಂದು ಕೈ ಆಡಿಸಿ ಹಿಂದೆ ಹತ್ತಿ, ಅವಳ ತಲೆದೆಸೆಯಲ್ಲಿ ನೆಲದ ಮೇಲೆ ಕೂತು, ಒಳಗಿನಿಂದ ಬಾಗಿಲು ಎಳೆದುಕೊಂಡ.